ಇಂದಿನ ಧಮ್ಮ ಚಿಂತನೆ: ಹಾರಿದವನು ಸತ್ತ, ಉಳಿದವರು ಬದುಕಿದರು



1940ರ ಡಿಸೆಂಬರ್ 31. ಎರಡನೇ ಮಹಾಯುದ್ಧದ ಕಾಲ. ಸ್ಕಾಟ್ಲೆಂಡಿನ ಲಾಸಿಮೌತ್ ವಾಯುನೆಲೆಯಿಂದ ಬ್ರಿಟನ್ನಿನ ಒಂದು ವೆಲ್ಲಿಂಗ್ಟನ್ ಬಾಂಬರ್ ವಿಮಾನ ತರಬೇತಿಗಾಗಿ ಹಾರಿತು. ಒಳಗೆ ಎಂಟು ಜನ. ಒಂದು ವರ್ಷದ ಹಿಂದೆ ಹೆಲಿಗೋಲ್ಯಾಂಡ್ ಕದನದಲ್ಲಿ ಜೊತೆಗಿದ್ದ ವಿಮಾನಗಳಲ್ಲಿ ಅರ್ಧದಷ್ಟು ಉರುಳಿದಾಗಲೂ ಮರಳಿ ಬಂದಿದ್ದ ವಿಮಾನ ಅದು. ಯುದ್ಧದಲ್ಲಿ ಸವೆದದ್ದನ್ನು ಕಲಿಯುವ ಹುಡುಗರಿಗೆ ಕೊಟ್ಟಿದ್ದರು.

ಹಿಮ ಸುರಿಯುತ್ತಿದ್ದಾಗ ಒಂದು ಎಂಜಿನ್ ಕೈಕೊಟ್ಟಿತು. ಕ್ಯಾಪ್ಟನ್ ಮಾರ್ವುಡ್-ಎಲ್ಟನ್ ಆರು ಜನರಿಗೆ ಪ್ಯಾರಾಚೂಟ್ ಕಟ್ಟಿಕೊಂಡು ಹಾರಲು ಹೇಳಿದರು. ಐವರು ಬದುಕಿದರು. ಹಿಂಬದಿಯ ಗನ್ನರ್ ಫೆನ್ಸೋಮ್ ಬದುಕಲಿಲ್ಲ. ವಿಮಾನದಲ್ಲೇ ಉಳಿದ ಕ್ಯಾಪ್ಟನ್ ಮತ್ತು ಸಹ ಪೈಲಟ್ ಅದನ್ನು ಲಾಕ್ ನೆಸ್ ಸರೋವರದ ಮೇಲೆ ಇಳಿಸಿ, ಅದು ಮುಳುಗುವ ಮೊದಲೇ ಪಾರಾದರು.

ಜೀವ ಉಳಿಸಲೆಂದು ಕೊಟ್ಟ ಆದೇಶವನ್ನು ಪಾಲಿಸಿದವನೇ ಸತ್ತ. ಹಾಗಾದರೆ ಕ್ಯಾಪ್ಟನ್ ತಪ್ಪಿತಸ್ಥರೇ? ಕರ್ಮವೆಂದರೆ ಚೇತನಾ, ಅಂದರೆ ಮನಸ್ಸಿನ ಸಂಕಲ್ಪ ಎಂದು ಭಗವಾನ್ ಬುದ್ಧರು ಬೋಧಿಸಿದ್ದಾರೆ. ಅಪಾಯವನ್ನು ತಮಗಿಟ್ಟುಕೊಂಡು ಉಳಿದವರನ್ನು ಹೊರಗೆ ಕಳಿಸಿದ ಸಂಕಲ್ಪದಲ್ಲಿ ಕೇಡಿಲ್ಲ.

ಹಾಗಾದರೆ ಅದು ಸತ್ತವನ ಹಣೆಬರಹವೇ? ಇದೇ ಬಗೆಯ ಪ್ರಶ್ನೆಯನ್ನು ಮೋಳಿಯ ಸೀವಕನೆಂಬ ಪರಿವ್ರಾಜಕ ಬುದ್ಧರಲ್ಲಿ ಕೇಳಿದ್ದ: ನಾವು ಅನುಭವಿಸುವುದೆಲ್ಲ ಹಿಂದಿನ ಕರ್ಮದ ಫಲವೇ? ಬುದ್ಧರು ಒಪ್ಪಲಿಲ್ಲ. ವಾತ, ಪಿತ್ತ, ಕಫ, ಋತುವಿನ ಬದಲಾವಣೆ, ಅಜಾಗರೂಕತೆ, ಇತರರ ಹಲ್ಲೆ, ಹೀಗೆ ಕಣ್ಣಿಗೆ ಕಾಣುವ ಕಾರಣಗಳನ್ನು ಎಣಿಸಿ ತೋರಿಸಿದರು.

ಆ ಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ಕಮಾಂಡಿನ 55 ಸಾವಿರಕ್ಕೂ ಹೆಚ್ಚು ವಾಯುಯೋಧರು ಸತ್ತರು. ಅವರಲ್ಲಿ 5 ಸಾವಿರಕ್ಕೂ ಹೆಚ್ಚು ಜನ ಸತ್ತದ್ದು ತರಬೇತಿಯಲ್ಲೇ. ಇಷ್ಟೊಂದು ಜನರ ಹಣೆಯಲ್ಲಿ ಒಂದೇ ಬರಹ ಇರುತ್ತದೆಯೇ? ಹಳೆಯ ಯಂತ್ರ, ಕೆಟ್ಟ ಹವಾಮಾನ, ಅನುಭವವಿಲ್ಲದ ಕೈ, ಯುದ್ಧದ ಅವಸರ: ಇವು ಕಾರಣಗಳು. ಕಾರಣವಿದ್ದಲ್ಲಿ ಪರಿಹಾರವೂ ಇದೆ.

ಕಳೆದ ವರ್ಷ ಒಂದು ಸಾವಿನ ಮನೆಗೆ ಹೋಗಿದ್ದೆ. ಮ್ಯಾನ್‌ಹೋಲಿಗೆ ಇಳಿದ ಹುಡುಗ ಮತ್ತೆ ಮೇಲೆ ಬಂದಿರಲಿಲ್ಲ. ಕಾನೂನು ನಿಷೇಧಿಸಿದ ಕೆಲಸಕ್ಕೇ ಅವನನ್ನು ಇಳಿಸಿದ್ದರು. ಹಿರಿಯರೊಬ್ಬರು ‘ಅವನು ಪಡೆದುಕೊಂಡು ಬಂದದ್ದು ಅಷ್ಟೇ ಕಣಪ್ಪ’ ಎಂದರು. ಅವರ ಮನಸ್ಸು ನೋಯಬಾರದೆಂದು ನಾನೂ ತಲೆಯಾಡಿಸಿದೆ. ಆ ತಲೆಯಾಡಿಸುವಿಕೆ ಇಂದಿಗೂ ನನ್ನನ್ನು ಚುಚ್ಚುತ್ತದೆ. ಸಮಾಧಾನವೆಂದು ನಾನು ಒಪ್ಪಿಕೊಂಡ ಆ ಮಾತು, ಅವನನ್ನು ಇಳಿಸಿದವರನ್ನು ಬಿಡುಗಡೆ ಮಾಡಿತ್ತು. ಪೂರ್ವಜನ್ಮದ ಕರ್ಮದ ಮಾತು ಬಡವರ ಸ್ಥಿತಿಗೆ ಸಮಾಜ ಹೊರಬೇಕಾದ ಹೊಣೆಯನ್ನು ತಪ್ಪಿಸುತ್ತದೆ ಎಂದು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಎಚ್ಚರಿಸಿದ್ದು ಇದನ್ನೇ.

ಸುಮಾರು 45 ವರ್ಷ ನೀರಿನಡಿ ಇದ್ದ ಆ ವಿಮಾನವನ್ನು 1985ರಲ್ಲಿ ಮೇಲೆತ್ತಿದರು. ಬ್ಯಾಟರಿಗೆ ಜೋಡಿಸಿದಾಗ ಅದರ ಬಾಲದ ದೀಪಗಳು ಇನ್ನೂ ಉರಿದವಂತೆ. ಹುಡುಕಿದರೆ ಎಷ್ಟು ಆಳದಲ್ಲಿದ್ದರೂ ಸತ್ಯ ಸಿಗುತ್ತದೆ. ಹಣೆಬರಹ ಎಂದವನು ಹುಡುಕುವುದನ್ನೇ ನಿಲ್ಲಿಸುತ್ತಾನೆ.

ಇಂದಿನ ಅಭ್ಯಾಸ: ಯಾರದಾದರೂ ದುಃಖದ ಸುದ್ದಿ ಕೇಳಿದಾಗ ‘ಕರ್ಮ’ ಎನ್ನುವ ಮೊದಲು ‘ಕಾರಣ ಏನು?’ ಎಂದು ಕೇಳೋಣ. ದುಃಖದಲ್ಲಿರುವವರ ಮುಂದೆ ಮೆಲ್ಲಗೆ, ಹೊಣೆಗಾರರ ಮುಂದೆ ಗಟ್ಟಿಯಾಗಿ.

ಜೈ ಭೀಮ್. ನಮೋ ಬುದ್ಧಾಯ.