ಸೊನ್ನೆ ಎಲ್ಲಿಂದ?

ಸಂಜೆ ಏಳಕ್ಕೆ ನಮ್ಮ ಮನೆಯ ಹಾಲ್‌ನಲ್ಲಿ ಒಂದು ವಾದ ತಪ್ಪುವುದಿಲ್ಲ. "ಸೌಂಡ್ ಸ್ವಲ್ಪ ಜೋರು ಮಾಡು ಮಾರಾಯ" ಎನ್ನುತ್ತಾರೆ 81 ವರ್ಷದ ಅಪ್ಪ. "ಕಮ್ಮಿ ಮಾಡಿ ಅಪ್ಪಾ" ಎನ್ನುತ್ತಾಳೆ ಒಳಗೆ ಓದುತ್ತಿರುವ ಮಗಳು. ಸ್ಪೀಕರ್‌ಗಳನ್ನು ನಡೆಸುವ ರಿಸೀವರಿನ ಡಿಸ್‌ಪ್ಲೇಯಲ್ಲಿ 52. "ಐವತ್ತೆರಡೇ ಇರುವುದು, ಸಾಕು" ಎಂದು ನಾನು ತೀರ್ಪು ಕೊಡುತ್ತಿದ್ದೆ.

ಮೈಸೂರಿನ ತಮ್ಮನ ಮನೆಯಲ್ಲೂ ಅದೇ ಡೆನಾನ್ ರಿಸೀವರ್. ಅಲ್ಲಿ 52ಕ್ಕೆ ಇಟ್ಟರೆ ತಮಟೆಯ ಪೆಟ್ಟು ಎದೆಗೇ ಬಡಿಯಿತು. ಅವನ ಕೋಣೆ ಚಿಕ್ಕದು. ಅವನ ಸ್ಪೀಕರ್‌ಗಳು ಅಷ್ಟೇ ವಿದ್ಯುತ್ತಿಗೆ ಹೆಚ್ಚು ಸದ್ದು ಕೊಡುವಂಥವು. ನಾನು ನೆಚ್ಚಿಕೊಂಡಿದ್ದ ಸಂಖ್ಯೆ ನಾಬ್ ಎಷ್ಟು ತಿರುಗಿದೆ ಎಂಬುದನ್ನಷ್ಟೇ ಹೇಳುತ್ತಿತ್ತು.

ಊರಿಗೆ ಬಂದು ಮೆನು ತೆರೆದೆ. 0ಯಿಂದ 98ರವರೆಗಿನದು ನಿರಪೇಕ್ಷ ಮಾಪನ. ಇನ್ನೊಂದು ಡೆಸಿಬಲ್ಲಿನ ಸಾಪೇಕ್ಷ ಮಾಪನ. ಅದಕ್ಕೆ ಬದಲಿಸಿದಾಗ 52 ಇದ್ದದ್ದು ಮೈನಸ್ 28 ಆಯಿತು; ಸದ್ದು ಕೂದಲಷ್ಟೂ ಬದಲಾಗಲಿಲ್ಲ. ಇಲ್ಲಿ ಸೊನ್ನೆಯೆಂದರೆ ಮೌನವಲ್ಲ. ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಮೈಕ್ ಇಟ್ಟು ಅಳತೆ ಹೊಂದಿಸಿದ ಮೇಲೆ, ಸೊನ್ನೆಯೆಂದರೆ ಸಿನಿಮಾದ ಧ್ವನಿಮಿಶ್ರಣಕಾರರು ಒಪ್ಪಿಕೊಂಡ ಮಟ್ಟ: ಒಂದೊಂದು ಮುಖ್ಯ ಚಾನೆಲ್ಲಿನ ಅತಿ ಜೋರಿನ ಕ್ಷಣ 105 ಡೆಸಿಬಲ್. ಮೈನಸ್ 28 ಎಂದರೆ ಆ ಮಟ್ಟಕ್ಕಿಂತ 28 ಡೆಸಿಬಲ್ ಕೆಳಗೆ. ಈ ಸಂಖ್ಯೆ ತಾನು ಎಲ್ಲಿ ನಿಂತು ಅಳೆದೆನೆಂದು ಬಾಯಿಬಿಟ್ಟು ಹೇಳುತ್ತದೆ. 52 ಅದನ್ನು ಹೇಳಿರಲಿಲ್ಲ.

ನಾನು ಕಾರ್ಕಳದ ಜೈನ. ಸಾಪೇಕ್ಷ, ನಿರಪೇಕ್ಷ ಎಂಬ ಮಾತು ಬಸದಿಯ ಪ್ರವಚನಗಳಲ್ಲಿ ಕೇಳಿ ಬೆಳೆದವನು. ಅಪೇಕ್ಷೆಯನ್ನು ಬಿಟ್ಟ ನಯ, ಅಂದರೆ ಒಂದು ಕಡೆಯ ನೋಟ, ಮಿಥ್ಯೆ, ಅಪೇಕ್ಷೆಯೊಡನೆ ಇರುವ ನಯವೇ ಕೆಲಸಕ್ಕೆ ಬರುವುದು ಎಂದು ಜೈನಾಚಾರ್ಯ ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಹೇಳಿದ್ದು ತಿಳಿದಿತ್ತು. ನಿರಪೇಕ್ಷವೇ ಪೂರ್ಣ ಸತ್ಯ, ಸಾಪೇಕ್ಷ ಅರೆಸತ್ಯ ಎಂಬ ಭಾವನೆ ಮಾತ್ರ ಮನಸ್ಸಿನ ಮೂಲೆಯಲ್ಲಿ ಉಳಿದೇ ಇತ್ತು. ಆ ದಿನ ಅದು ಹೋಯಿತು.

ಹಾಗೆಂದು ಯಾರು ಏನೆಂದರೂ ಸರಿ ಎಂದಲ್ಲ. ಜೈನರು ಮಾತಿಗೆ ಮೊದಲು ಸೇರಿಸುವ 'ಸ್ಯಾತ್' ಎಂದರೆ 'ಇರಬಹುದೇನೋ' ಎಂಬ ಅನುಮಾನವಲ್ಲ; 'ಈ ಅಪೇಕ್ಷೆಯಲ್ಲಿ ಹೀಗೇ' ಎಂಬ ಖಚಿತ ಮಾತು. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ನಮ್ಮ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಬಾಗಿಲಲ್ಲಿ ನಿಂತರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ದರ್ಶನವಾಗುತ್ತದೆ. ಆದರೆ ನಿಂತವನಿಗೆ ಒಂದು ಹೊತ್ತಿಗೆ ಒಂದೇ ಬಾಗಿಲು. ನಾಲ್ಕನ್ನೂ ಒಟ್ಟಿಗೆ ಕಾಣುವುದು ಎಲ್ಲವನ್ನೂ ಅರಿತ ಕೇವಲಜ್ಞಾನಿಗೆ. ನಾವು ಯಾವ ಬಾಗಿಲಲ್ಲಿದ್ದೇವೆಂದು ಹೇಳಿ ಮಾತಾಡಬೇಕು. ನಮ್ಮ ಸತ್ಯವ್ರತದ ಅಳವು ಅಷ್ಟು.

ಮೈಕನ್ನು ಅಪ್ಪನ ಕುರ್ಚಿಯಲ್ಲೇ ಇಟ್ಟು ಮತ್ತೆ ಅಳೆದೆ. ಆ ಕುರ್ಚಿಗೆ ಎಷ್ಟು ಸದ್ದು ಬರುತ್ತದೆಂದು ಮೈಕ್ ಹೇಳಿತು. ಬಂದ ಸದ್ದಿನಲ್ಲಿ ಅಪ್ಪನ ಕಿವಿಗೆ ದಕ್ಕುವುದೆಷ್ಟು ಎಂದು ಅದು ಹೇಳಲಾರದು. ಇಷ್ಟು ವರ್ಷ ನನ್ನ ಕಿವಿಯ ಸೊನ್ನೆಯನ್ನೇ ಅವರದೂ ಎಂದುಕೊಂಡು ತೀರ್ಪು ಕೊಟ್ಟಿದ್ದೆ. ಈಗ ಡಿಸ್‌ಪ್ಲೇ ನೋಡುವ ಮೊದಲು ಅವರ ಪಕ್ಕ ಕುಳಿತು ಕೇಳುತ್ತೇನೆ: "ಅಪ್ಪಾ, ಮಾತು ತಿಳಿಯುತ್ತಾ?"