*ಇಂದಿನ ಧಮ್ಮ ಚಿಂತನೆ: ಎಂಜಿನ್ ನಿಂತಾಗ ಮೊದಲು ಮೂತಿ ತಗ್ಗಿಸಿ*

 



ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಸಣ್ಣ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಾಳೆ. ಕಳೆದ ಭಾನುವಾರ ಮನೆಗೆ ಬಂದಿದ್ದಳು. "ಮೇಲೆ ಹೋದಾಗ ಎಂಜಿನ್ ನಿಂತುಬಿಟ್ಟರೆ ಏನಮ್ಮಾ ಗತಿ?" ಎಂದು ಕೇಳಿದೆ. ನಕ್ಕಳು. "ತಕ್ಷಣ ಬೀಳಲ್ಲ ಟೀಚರ್, ತೇಲುತ್ತೆ. ಗಾಬರಿಯಾಗಿ ನಾವು ತಪ್ಪು ಮಾಡಿದರೆ ಬೀಳುತ್ತೆ" ಎಂದಳು.

ಅವಳು ಕಲಿಯುತ್ತಿರುವುದು ಸೆಸ್ನಾ 172 ಎಂಬ ನಾಲ್ಕು ಸೀಟಿನ ವಿಮಾನದಲ್ಲಿ. ಎಂಜಿನ್ ನಿಂತರೆ ಹೆದರಿದ ಕೈ ತಾನಾಗಿಯೇ ವಿಮಾನದ ಮೂತಿಯನ್ನು ಮೇಲಕ್ಕೆ ಎತ್ತಲು ನೋಡುತ್ತದಂತೆ, ಇರುವ ಎತ್ತರ ಉಳಿಯಲಿ ಎಂದು. ಅಪಾಯ ಇರುವುದು ಅಲ್ಲಿಯೇ. ಎಳೆಯುವ ಶಕ್ತಿಯಿಲ್ಲದಾಗ ಮೂತಿ ಎತ್ತಿದರೆ ವೇಗ ಕುಗ್ಗುತ್ತದೆ, ರೆಕ್ಕೆ ಹೊರುವ ಬಲ ಕಳೆದುಕೊಳ್ಳುತ್ತದೆ, ವಿಮಾನ ಕುಸಿಯುತ್ತದೆ. ಆದ್ದರಿಂದ ಮೊದಲ ಪಾಠ: ಮೂತಿ ತಗ್ಗಿಸು, ಸುಮಾರು 65 ನಾಟ್, ಅಂದರೆ ಗಂಟೆಗೆ 120 ಕಿ.ಮೀ. ವೇಗ ಕಾಯ್ದುಕೋ. ಹಾಗೆ ಮಾಡಿದರೆ, ಎದುರುಗಾಳಿ ಇಲ್ಲದಿದ್ದಾಗ, 3,000 ಅಡಿ ಎತ್ತರದಿಂದ ಸುಮಾರು 8 ಕಿ.ಮೀ. ತೇಲಿಕೊಂಡು ಹೋಗಬಹುದು. ನಾಲ್ಕು ನಿಮಿಷ ಕೈಗೆ ಸಿಗುತ್ತದೆ.

ಆ ನಾಲ್ಕು ನಿಮಿಷದಲ್ಲಿ ಇಳಿಯಲು ಒಂದು ಬಯಲು ಆರಿಸಿಕೊಳ್ಳಬೇಕು. ಆಮೇಲೆ ಕಾರಣ ಹುಡುಕಬೇಕು. ಇಂಧನ ಬರುತ್ತಿದೆಯೇ? ಗಾಳಿ ಸರಿಯಾಗಿ ಬೆರೆಯುತ್ತಿದೆಯೇ? ಕಿಡಿ ಹತ್ತುತ್ತಿದೆಯೇ? ಆ ಪಟ್ಟಿಯಲ್ಲಿ ಹರಕೆಯಿಲ್ಲ, ಹಣೆಬರಹವಿಲ್ಲ. ಕಾರಣವಿಲ್ಲದೆ ಏನೂ ಆಗದು ಎಂಬ ಭಗವಾನರ ಬೋಧೆಯನ್ನೇ ಅವಳು ಬೇರೆ ಮಾತಿನಲ್ಲಿ ಹೇಳುತ್ತಿದ್ದಾಳೆ ಅನ್ನಿಸಿತು.

ಇನ್ನೊಂದು ಮಾತು ಹೇಳಿದಳು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ, ಸೆಕೆಯ ದಿನದಲ್ಲೂ, ಕಾರ್ಬ್ಯುರೇಟರ್ ಒಳಗೆ ಮಂಜುಗಡ್ಡೆ ಕಟ್ಟುತ್ತದಂತೆ. ಒಂದು ಗುಂಡಿ ಎಳೆದು ಬಿಸಿಗಾಳಿ ಬಿಡಬೇಕು. ಕರಗಿದ ನೀರು ಎಂಜಿನ್ನಿಗೆ ಹೋಗಿ, ಸ್ವಲ್ಪ ಹೊತ್ತು ಅದು ಮೊದಲಿಗಿಂತ ಹೆಚ್ಚು ಕೆಮ್ಮುತ್ತದೆ. ಹೊಸಬರು ಹೆದರಿ ಗುಂಡಿಯನ್ನು ಹಿಂದಕ್ಕೆ ತಳ್ಳುತ್ತಾರೆ. ತಳ್ಳಬಾರದು, ತಾಳಬೇಕು.

ಏನು ಮಾಡಿದರೂ ಎಂಜಿನ್ ಏಳದಿದ್ದರೆ ರೇಡಿಯೋದಲ್ಲಿ ಮೂರು ಸಲ "ಮೇಡೇ" ಎಂದು ಕೂಗಿ, ಇಂಧನ ಮುಚ್ಚಿ, ಬಾಗಿಲ ಚಿಲಕ ತೆಗೆದಿಟ್ಟು, ಆರಿಸಿಕೊಂಡ ಬಯಲಲ್ಲಿ ಇಳಿಯುವುದು.

ಅವಳು ಹೋದ ಮೇಲೆ ನನಗೆ ನನ್ನದೇ ಕಥೆ ನೆನಪಾಯಿತು. ಕೆಲವು ವರ್ಷಗಳ ಹಿಂದೆ ನಮ್ಮ ಯಜಮಾನರ ಕೆಲಸ ಹೋಯಿತು. ಅದೇ ವರ್ಷ ನಾದಿನಿಯ ಮದುವೆ. ವಿಹಾರದಲ್ಲಿ ಸರಳವಾಗಿ ಮಾಡೋಣ ಎಂದು ಅತ್ತೆಯೇ ಹೇಳಿದರು. ಕೇಳದವಳು ನಾನು. ಟೀಚರ್ ಮನೆ ಮದುವೆ, ಜನ ಏನಂದಾರು ಎಂದು ಬಡ್ಡಿಗೆ ಸಾಲ ತಂದು ದೊಡ್ಡ ಛತ್ರ ಹಿಡಿಸಿದೆ. ಎಂಜಿನ್ ನಿಂತಾಗ ಮೂತಿ ಎತ್ತಿದ್ದೆ. ಮುಂದೆ ಮಗನ ಫೀಸಿಗೆ ಬಳೆ ಅಡವಿಡುವಾಗ ಜನ ಯಾರೂ ಜೊತೆಗಿರಲಿಲ್ಲ.

ಕೊನೆಗೆ ಇಬ್ಬರೂ ಕೂತು ಲೆಕ್ಕ ಬರೆದು ಖರ್ಚು ಇಳಿಸಿದೆವು. ಮೊದಲ ತಿಂಗಳು ಮನೆಯಲ್ಲಿ ಜಗಳವೇ ಹೆಚ್ಚಾಯಿತು. ಆದರೂ ಬಿಡಲಿಲ್ಲ. ನಿಧಾನವಾಗಿ ಸಾಲ ತೀರಿತು.

ಬಂಧುಗಳೇ, ಭಗವಾನರು ಕೊನೆಯದಾಗಿ ಭಿಕ್ಖುಗಳಿಗೆ ಹೇಳಿದ್ದು ಅಪ್ಪಮಾದ, ಅಂದರೆ ಎಚ್ಚರ ತಪ್ಪದೆ ಪ್ರಯತ್ನಿಸುವುದನ್ನು ಕುರಿತು. ಕಷ್ಟ ಬಂದ ಗಳಿಗೆಯಲ್ಲಿ ಆ ಎಚ್ಚರ ಎಂದರೆ, ಬಿಟ್ಟುಕೊಡಬೇಕಾದ ಎತ್ತರವನ್ನು ತಿಳಿದೇ ಬಿಟ್ಟುಕೊಡುವುದು. ಎತ್ತರಕ್ಕೆ ಜೋತುಬಿದ್ದರೆ ಎತ್ತರವೂ ಹೋಗುತ್ತದೆ, ನಾವೂ ಹೋಗುತ್ತೇವೆ.

ಇಂದು ಹತ್ತು ನಿಮಿಷ ಉಸಿರು ಗಮನಿಸಿ ಕೂತು ಕೇಳಿಕೊಳ್ಳೋಣ: ನನ್ನ ಮನೆಯಲ್ಲಿ ಈಗ ನಾನು ಎಲ್ಲಿ ಮೂತಿ ಎತ್ತುತ್ತಿದ್ದೇನೆ?

ಎಲ್ಲರಿಗೂ ಮಂಗಳವಾಗಲಿ.
ಜೈ ಭೀಮ್ 🙏