‘ಹೂಂ’ ಎಂದರೆ ಒಪ್ಪಿಗೆಯೇ?

ಕನ್ನಡದಲ್ಲಿ ನಿರಾಕರಣೆಗೆ ಪದಗಳ ಬರವಿಲ್ಲ. ಇಲ್ಲ, ಅಲ್ಲ, ಬೇಡ, ಒಲ್ಲೆ, ಆಗದು, ಕೂಡದು. ಒಂದೊಂದಕ್ಕೂ ಒಂದೊಂದು ಬಣ್ಣ. ಇಷ್ಟೆಲ್ಲ ಇದ್ದೂ ಹಿರಿಯರ ಮುಂದೆ, ಮೇಲಧಿಕಾರಿಯ ಮುಂದೆ, ಮನೆಗೆ ಬಂದ ನೆಂಟರ ಮುಂದೆ ನಾವು ಇವುಗಳಲ್ಲಿ ಒಂದನ್ನೂ ಬಾಯಿಗೆ ತರುವುದಿಲ್ಲ. ‘ನೋಡೋಣ’ ಎನ್ನುತ್ತೇವೆ, ‘ಆಗಲಿ, ತಿಳಿಸ್ತೀನಿ’ ಎನ್ನುತ್ತೇವೆ, ಅದೂ ಇಲ್ಲದಿದ್ದರೆ ಸುಮ್ಮನೆ ‘ಹೂಂ’ ಎನ್ನುತ್ತೇವೆ. ಈ ‘ಹೂಂ’ ವಿಚಿತ್ರವಾದ ಶಬ್ದ. ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕು. ಹೂಂಗುಟ್ಟುವುದು ನಿಂತರೆ ಮಗು ಮಲಗಿತೆಂದು ಕಥೆಯೂ ನಿಲ್ಲುತ್ತದೆ. ರಾಕ್ಷಸ ಬಂದು ರಾಜಕುಮಾರಿಯನ್ನು ಹೊತ್ತೊಯ್ದ ಎಂದಾಗ ಮಗು ‘ಹೂಂ’ ಎಂದರೆ ಆ ಅಪಹರಣಕ್ಕೆ ಮಗುವಿನ ಸಮ್ಮತಿ ಇದೆ ಎಂದು ಯಾರೂ ತಿಳಿಯುವುದಿಲ್ಲ. ಕೇಳುತ್ತಿದ್ದೇನೆ, ಮುಂದೆ ಹೇಳು ಎಂದಷ್ಟೇ ಅರ್ಥ.

ಇದಕ್ಕೆ ಜಪಾನಿನಲ್ಲಿ ಒಬ್ಬ ಖಾಸಾ ತಮ್ಮನಿದ್ದಾನೆಂದು ನಮಗೆ ತಿಳಿದದ್ದು ಎಮಿರೇಟ್ಸಿಗೆ ಬಂದ ಮೇಲೆ. ಇಲ್ಲಿ ಜಪಾನೀಯರು ಹೊಸಬರೇನಲ್ಲ. ಅಬುಧಾಬಿಯ ದಾಸ್ ದ್ವೀಪದಿಂದ ಟೋಕಿಯೋದ ವಿದ್ಯುತ್ ಕಂಪನಿಗೆ ದ್ರವೀಕೃತ ಅನಿಲದ ಹಡಗು ಮೊದಲು ಹೊರಟದ್ದು 1977ರಲ್ಲಿ. ದುಬೈ ಮೆಟ್ರೋ ಕಟ್ಟುವ ಗುತ್ತಿಗೆ 2005ರಲ್ಲಿ ಮಿತ್ಸುಬಿಷಿ, ಒಬಯಾಶಿ, ಕಾಜಿಮಾ ಕಂಪನಿಗಳೂ ತುರ್ಕಿಯ ಯಾಪಿ ಮರ್ಕೆಜಿಯೂ ಸೇರಿದ ಕೂಟಕ್ಕೆ ಸಿಕ್ಕಿ, 2009ರ ಸೆಪ್ಟೆಂಬರ್ 9ರಂದು ರೈಲು ಉದ್ಘಾಟನೆಯಾಯಿತು. ಜಪಾನೀ ಎಂಜಿನಿಯರು, ತುರ್ಕಿ ಮೇಲ್ವಿಚಾರಕ, ನಮ್ಮ ಕರಾವಳಿಯ ಅಕೌಂಟೆಂಟು ಒಂದು ಮೇಜಿನ ಸುತ್ತ ಕೂತರೆ ಯಾರ ತಾಯಿನುಡಿಯೂ ಅಲ್ಲದ ಇಂಗ್ಲಿಷೇ ಗತಿ. ಜಪಾನೀ ಕಂಪನಿಗಳಲ್ಲಿ ದುಡಿದ ನಮ್ಮ ಮಿತ್ರರ ದೂರು ಬಹುಮಟ್ಟಿಗೆ ಒಂದೇ: ‘ಮೀಟಿಂಗಿನಲ್ಲಿ ಎಲ್ಲಕ್ಕೂ ಹೈ, ಹೈ ಅಂತಾರೆ ಸ್ವಾಮಿ. ಮರುದಿನ ನೋಡಿದರೆ ಒಪ್ಪಿಯೇ ಇಲ್ಲ!’

‘ಹೈ’ ಎಂದರೆ ನಿಘಂಟಿನಲ್ಲಿ ‘ಹೌದು’. ಮಾತಿನ ನಡುವೆ ಬಂದಾಗ ಅದು ನಮ್ಮ ಹೂಂಕಾರವೇ. ಹೀಗೆ ನಡುನಡುವೆ ದನಿಗೂಡಿಸುವುದನ್ನು ಅವರು ‘ಐಝುಚಿ’ ಎನ್ನುತ್ತಾರೆ. ಕಮ್ಮಾರಸಾಲೆಯಲ್ಲಿ ಇಬ್ಬರು ಎದುರುಬದುರು ನಿಂತು ಒಬ್ಬರಾದ ಮೇಲೊಬ್ಬರು ಸುತ್ತಿಗೆ ಬಡಿಯುತ್ತಾರಲ್ಲ, ಅಲ್ಲಿಂದ ಬಂದ ಮಾತು. ಎದುರಿನವನ ಸುತ್ತಿಗೆ ಸುಮ್ಮನಾದರೆ ಕೆಲಸ ಸಾಗದು. ದೂರು ಹೇಳಿದ ಮಿತ್ರರು ತಮ್ಮ ಮಾವನವರ ಮುಂದೆ ಎಷ್ಟು ಸಲ ಹೂಂಗುಟ್ಟಿ ಎದ್ದುಬಂದಿದ್ದಾರೋ ನಾವು ಕೇಳಲಿಲ್ಲ.

ಕೆಲವು ವರ್ಷಗಳ ಕೆಳಗೆ ನಮ್ಮ ಬಳಿ ಜಪಾನೀ ಗೃಹಸ್ಥರೊಬ್ಬರು ರಕ್ತದೊತ್ತಡಕ್ಕೆ ಚಿಕಿತ್ಸೆ ಪಡೆಯುತ್ತಿದ್ದರು. ನಾವು ಹೇಳಿದ್ದಕ್ಕೆಲ್ಲ ತಲೆ ಬಾಗಿಸಿ ‘ಯೆಸ್, ಡಾಕ್ಟರ್’ ಎನ್ನುವರು. ಪ್ರಶ್ನೆ ಇದೆಯೇ ಎಂದರೆ ಇಲ್ಲ. ಅಂದು ರಾತ್ರಿ ಅವರಿಂದ ಇ-ಮೇಲ್ ಬರುವುದು. ಸಂಖ್ಯೆ ಹಾಕಿದ ಹನ್ನೊಂದು ಪ್ರಶ್ನೆಗಳು, ಒಂದಕ್ಕಿಂತ ಒಂದು ಹರಿತ. ಏಳನೆಯದರಲ್ಲಿ ನಾವು ಬರೆದುಕೊಟ್ಟ ಮಾತ್ರೆ ತಮಗೆ ಬೇಡವೆಂಬುದು ಅತ್ಯಂತ ವಿನಯದಿಂದ, ಆದರೆ ಸಂಶಯಕ್ಕೆ ಎಡೆಯಿಲ್ಲದಂತೆ ಬರೆದಿರುತ್ತಿತ್ತು. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಎದುರು ಕೂತಾಗ ಇಲ್ಲದ ‘ಬೇಡ’ ಅಕ್ಷರದಲ್ಲಿ ಹೇಗೆ ಹುಟ್ಟಿತು?

ಉತ್ತರ ಅವರು ಇಂಗ್ಲಿಷ್ ಕಲಿತ ರೀತಿಯಲ್ಲಿದೆ. ಜಪಾನಿನಲ್ಲಿ ಅವರ ತಲೆಮಾರಿನ ಮಕ್ಕಳು ಹೈಸ್ಕೂಲು ಮುಗಿಸುವುದರೊಳಗೆ ಆರು ವರ್ಷ ಇಂಗ್ಲಿಷ್ ಓದಿದವರು. ಪ್ರಾಥಮಿಕ ಶಾಲೆಯಲ್ಲಿ ಅದು ಪರಿಪೂರ್ಣ ಪಠ್ಯವಿಷಯವಾದದ್ದು 2020ರಲ್ಲಿ. ಓದಿದ್ದೆಲ್ಲ ‘ಯಾಕುದೊಕು’ ಎಂಬ ಪದ್ಧತಿಯಲ್ಲಿ: ವಾಕ್ಯ ಬಿಡಿಸುವುದು, ತಮ್ಮ ಭಾಷೆಗೆ ತಿರುಗಿಸುವುದು, ಪರೀಕ್ಷೆ ಬರೆಯುವುದು. ಮಾತಾಡುವ ಪ್ರಸಂಗವೇ ಇಲ್ಲ. ಈ ಕೊರತೆ ತುಂಬಲೆಂದೇ 1987ರಲ್ಲಿ ಅವರ ಸರ್ಕಾರ ‘ಜೆಟ್’ ಯೋಜನೆ ಆರಂಭಿಸಿ ಹೊರದೇಶದ ತರುಣರನ್ನು ಶಾಲೆಗಳಿಗೆ ಕರೆತಂದಿತು. ಇದನ್ನು ಕೇಳಿ ನಮಗೇನೂ ಆಶ್ಚರ್ಯವಾಗಲಿಲ್ಲ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮೆಡಿಕಲ್ ಕಾಲೇಜಿಗೆ ಹೋದ ನಮ್ಮ ಕಾಲದ ಹುಡುಗರ ಪಾಡೂ ಅದೇ. ಅಂಗರಚನಾಶಾಸ್ತ್ರದ ದಪ್ಪ ಪುಸ್ತಕ ರಾತ್ರಿ ಕೂತು ಓದಿ ಅರಗಿಸಿಕೊಳ್ಳಬಲ್ಲೆವು. ಮರುದಿನ ವೈವಾದಲ್ಲಿ ಪ್ರೊಫೆಸರರು ಎಲುಬೊಂದನ್ನು ಕೈಗಿತ್ತರೆ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುವುದು. ಗೊತ್ತಿಲ್ಲದ್ದಕ್ಕಲ್ಲ. ಗೊತ್ತಿದ್ದದ್ದು ಕನ್ನಡದಿಂದ ಹೊರಟು ಇಂಗ್ಲಿಷ್ ತಲುಪುವಷ್ಟರಲ್ಲಿ ಪ್ರೊಫೆಸರರು ಮುಂದಿನ ಹುಡುಗನ ಕಡೆಗೆ ತಿರುಗಿರುತ್ತಿದ್ದರು.

ಹೀಗೆ ಕಣ್ಣಿನಿಂದ ಇಂಗ್ಲಿಷ್ ಕಲಿತವರಿಗೆ ಇ-ಮೇಲ್ ದೊಡ್ಡ ಉಪಕಾರ ಮಾಡಿತು. ಯೋಚಿಸಲು ಹೊತ್ತು ಕೊಟ್ಟಿತು, ಎದುರಿನವರ ಮುಖವನ್ನು ಮರೆಮಾಡಿತು. ಎಮಿರೇಟ್ಸಿನಲ್ಲಿ ಎತಿಸಲಾತ್ ಸಂಸ್ಥೆ ಇಂಟರ್ನೆಟ್ ಸೌಕರ್ಯ ಕೊಟ್ಟದ್ದು 1995ರಲ್ಲಿ. ಅದಕ್ಕೆ ಮೊದಲು ಊರಿನ ಕಾಗದ ಕಂಪನಿಯ ಪೋಸ್ಟ್ ಬಾಕ್ಸಿಗೆ ಬಂದು ಬೀಳಬೇಕು, ಯಾರೋ ತಂದು ಕೊಡಬೇಕು.

ಉಪಕಾರದ ಜೊತೆಗೆ ಕಳೆದುಕೊಂಡದ್ದೂ ಉಂಟು. ಜಪಾನೀಯರ ವ್ಯವಹಾರದ ಕಾಗದ ‘ತಮ್ಮ ಆರೈಕೆಯಲ್ಲಿದ್ದೇವೆ’ ಎಂಬರ್ಥದ ಒಂದು ಮಾತಿನಿಂದ ಆರಂಭವಾಗುತ್ತದೆ. ಇ-ಮೇಲಿನಲ್ಲಿಯೂ ಅವರು ಅದನ್ನು ಬಿಟ್ಟಿಲ್ಲ. ನಮ್ಮ ಹಿರಿಯರು ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರ ಹೇಳಿ, ಉಭಯಕುಶಲೋಪರಿ ಎಂದು ಬರೆದ ಮೇಲೆಯೇ ವಿಷಯಕ್ಕೆ ಬರುತ್ತಿದ್ದರು. ಅರಬರೂ ಹಾಗೆಯೇ, ಮನೆಮಂದಿಯ ಕ್ಷೇಮ ವಿಚಾರಿಸದೆ ಕೆಲಸದ ಮಾತೆತ್ತಿದರೆ ಅದು ಒರಟುತನ. ಇಂಗ್ಲಿಷ್ ಇ-ಮೇಲಿನಲ್ಲಿ ಇದಾವುದಕ್ಕೂ ಜಾಗವಿಲ್ಲದೆ, ಮೂರು ಮರ್ಯಾದಸ್ಥ ಸಮಾಜಗಳ ಜನ ಪರಸ್ಪರರಿಗೆ ಒರಟರಾಗಿ ಕಾಣತೊಡಗಿದರು. ಅದನ್ನು ಸರಿದೂಗಿಸಲು ನಮ್ಮವರು ‘ಕೈಂಡ್ಲಿ ಡೂ ದ ನೀಡ್‌ಫುಲ್’ ಎಂದು ಬರೆಯುತ್ತಾರೆ, ಇಂಗ್ಲಿಷರು ಅದನ್ನು ಓದಿ ನಗುತ್ತಾರೆ. ನಗಲಿ. ಅಲ್ಲಿ ನುಸುಳಿರುವುದು ನಮ್ಮ ವಿನಯ.

ಕನ್ನಡದಲ್ಲಿಯೇ ಇ-ಮೇಲ್ ಬರೆಯಬಹುದಿತ್ತಲ್ಲ ಎಂದು ಈಗಿನ ಮಕ್ಕಳು ಕೇಳುತ್ತಾರೆ. ಜಪಾನೀಯರು 1980ರ ದಶಕದಲ್ಲಿಯೇ ತಮ್ಮ ಲಿಪಿಗೆ ದಾರಿ ಮಾಡಿಕೊಂಡರು. ಅಕ್ಷರ ಕೆಟ್ಟು ಚಿತ್ರವಿಚಿತ್ರ ಗೀಟುಗಳಾಗಿ ಬರುವುದಕ್ಕೆ ‘ಮೊಜಿಬಾಕೆ’ ಎಂಬ ಹೆಸರನ್ನೂ ಇಟ್ಟುಕೊಂಡರು. ನಮಗೆ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂದದ್ದು 1998ರಲ್ಲಿ. ಅಲ್ಲಿಯವರೆಗೆ ರೋಮನ್ ಲಿಪಿಯೇ ಗತಿ. ಅದರಲ್ಲಿ ಹಳ್ಳಿಯೂ ಹಲ್ಲಿಯೂ ಒಂದೇ. ಹೆಣ್ಣು ನೋಡಲು ಹೋಗುತ್ತೇವೆ ಎಂದು ಅವಸರದಲ್ಲಿ ಬರೆದವರು ಹೇನು ನೋಡಲು ಹೋದಂತಾಗುತ್ತಿತ್ತು.

ಇಲ್ಲಿಯವರೆಗೆ ಹೇಳಿದ್ದು ವಿನೋದದ ಭಾಗ. ನಮ್ಮ ಪ್ರಶ್ನೆ ಬೇರೆ. ಒಪ್ಪಿಗೆ ಇಲ್ಲದಿದ್ದೂ ಹೂಂಗುಟ್ಟಿದವರು ಸುಳ್ಳು ಹೇಳಿದಂತೆಯೇ? ಸತ್ಯ ನುಡಿಯಬೇಕು, ಪ್ರಿಯವಾಗಿ ನುಡಿಯಬೇಕು, ಪ್ರಿಯವೆಂದು ಸುಳ್ಳಾಡಬಾರದು ಎಂದು ನಮಗೆ ಹೇಳಿಕೊಟ್ಟಿದ್ದಾರೆ. ಸತ್ಯ ಅಪ್ರಿಯವಾದಾಗ ಉಳಿಯುವುದು ಮೌನ; ಹೂಂ ಎಂಬುದು ಆ ಮೌನಕ್ಕೆ ನಾವು ಕೊಟ್ಟ ಶಬ್ದ ಎಂದು ನಮಗನಿಸುತ್ತದೆ. ಅರಬರ ‘ಇನ್ಶಾ ಅಲ್ಲಾ’ವನ್ನು ‘ಆಗುವುದಿಲ್ಲ’ ಎಂದು ಅನುವಾದಿಸಿ ನಗುವವರು ನಮ್ಮಲ್ಲಿದ್ದಾರೆ. ನಾಳೆ ಎಂಬುದು ತನ್ನ ಕೈಯಲ್ಲಿಲ್ಲ ಎಂದು ನಂಬಿದವರು ಬೇರೆ ಹೇಗೆ ಮಾತು ಕೊಡಬೇಕು? ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಎನ್ನದೆ ‘ಹೋಗಿ ಬರ್ತೀನಿ’ ಎನ್ನುವ ನಾವು ನಗುವಂತಿಲ್ಲ.

ಅಪಾಯ ಆರಂಭವಾಗುವುದು ಕೇಳಿಸಿಕೊಂಡವರು ಅದನ್ನು ತಮಗೆ ಬೇಕಾದಂತೆ ಬರೆದುಕೊಂಡಾಗ. 1969ರ ನವೆಂಬರಿನಲ್ಲಿ ಜಪಾನಿನ ಪ್ರಧಾನಿ ಸಾಟೋ ವಾಷಿಂಗ್ಟನ್ನಿಗೆ ಹೋದಾಗ, ಬಟ್ಟೆಯ ರಫ್ತು ಕಡಿಮೆ ಮಾಡಿ ಎಂದು ಅಧ್ಯಕ್ಷ ನಿಕ್ಸನ್ ಒತ್ತಾಯಿಸಿದರು. ಸಾಟೋ ‘ಜೆನ್ಶೋ ಶಿಮಸು’ ಎಂದರೆಂದೂ, ಅದು ಇಂಗ್ಲಿಷಿಗೆ ‘ಕೈಲಾದಷ್ಟು ಮಾಡುತ್ತೇನೆ’ ಎಂದು ಹೋಯಿತೆಂದೂ ಕಥೆ ಇದೆ. ನಮ್ಮ ಭಾಷೆಯಲ್ಲಾದರೆ ‘ನೋಡೋಣ’ ಎಂದಷ್ಟೇ ಆಗುತ್ತಿತ್ತು. ಅವರು ಆಡಿದ್ದು ಅದೇ ಪದವೇ ಎಂಬುದು ವಿವಾದದ ಮಾತು. ನಿಕ್ಸನ್ನರು ತಮಗೆ ಕೊಟ್ಟ ಮಾತು ತಪ್ಪಿತೆಂದು ಕೆರಳಿದ್ದು, ಬಟ್ಟೆಯ ಜಗಳ 1971ರವರೆಗೆ ಎಳೆದದ್ದು ಮಾತ್ರ ನಿಜ.

ಆಸ್ಪತ್ರೆಯಲ್ಲಿ ಇದು ಬಟ್ಟೆಯ ಜಗಳಕ್ಕೆ ನಿಲ್ಲುವುದಿಲ್ಲ. ‘ಅಲರ್ಜಿ ಇಲ್ಲ ತಾನೆ?’ ಎಂದರೆ ಕನ್ನಡಿಗರು ‘ಹೂಂ, ಇಲ್ಲ’ ಎನ್ನುತ್ತಾರೆ. ಜಪಾನೀಯರೂ ‘ಹೈ, ಇಲ್ಲ’ ಎಂದೇ ಹೇಳುವುದು. ಇಂಗ್ಲಿಷಿನಲ್ಲಿ ಹಾಗಲ್ಲ; ಇಲ್ಲದ್ದಕ್ಕೆ ‘ನೋ’ ಎನ್ನಬೇಕು. ನಮ್ಮವರು ಒಳಗೆ ಕನ್ನಡದಲ್ಲಿ ಯೋಚಿಸಿ ‘ಯೆಸ್’ ಎಂದಾಗ ಅವಸರದ ನರ್ಸು ಯಾವ ಕಾಲಂನಲ್ಲಿ ಗುರುತು ಹಾಕುತ್ತಾಳೆ? ಔಷಧದ ವಿಷಯದಲ್ಲಿ ‘ಇಲ್ಲ ತಾನೆ’ ಎಂಬ ಪ್ರಶ್ನೆಯನ್ನೇ ಕೇಳಬಾರದೆಂದು ನಾವು ಕಿರಿಯ ವೈದ್ಯರಿಗೆ ಹೇಳುವುದು ಇದಕ್ಕಾಗಿ.

ಇನ್ನೊಂದು ಪ್ರಸಂಗ. ಹೆಸರು ಬೇಡ, ಆಸ್ಪತ್ರೆಯ ಹೆಸರೂ ಬೇಡ. ಕೊಪ್ಪಳದ ಕಡೆಯ ಒಬ್ಬರು, ಸೋನಾಪುರದ ಕ್ಯಾಂಪಿನಲ್ಲಿ ವಾಸ, ಕಟ್ಟಡದ ಕೆಲಸ. ಸಕ್ಕರೆ ಕಾಯಿಲೆ ಏರಿ ಬಲಗಾಲಿನ ಒಂದು ಬೆರಳು ಕಪ್ಪಾಗಿತ್ತು. ಶಸ್ತ್ರಚಿಕಿತ್ಸಕರು ಒಳ್ಳೆಯ ಮನುಷ್ಯ, ಅವಸರದವರಲ್ಲ. ಬೆರಳು ತೆಗೆಯಬೇಕೆಂದು ಇಂಗ್ಲಿಷಿನಲ್ಲಿ ವಿವರಿಸಿದರು. ಕೇರಳದ ನರ್ಸು ತನಗೆ ಬಂದ ಹಿಂದಿಯಲ್ಲಿ ‘ಕಾಟ್ನಾ ಪಡೇಗಾ’ ಎಂದರು. ರೋಗಿ ನಾಲ್ಕು ಸಲ ಹೂಂ ಎಂದರು. 2016ರ ವೈದ್ಯಕೀಯ ಹೊಣೆಗಾರಿಕೆ ಕಾನೂನಿನಂತೆ ಇಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚೆ ಲಿಖಿತ ಒಪ್ಪಿಗೆ ಬೇಕು. ಅರಬಿ-ಇಂಗ್ಲಿಷ್ ಎರಡೂ ಇದ್ದ ಫಾರಂಗೆ ಅವರು ಕನ್ನಡದಲ್ಲಿ ಸಹಿ ಹಾಕಿದರು. ಸಕ್ಕರೆಯ ಮಟ್ಟ ನೋಡಲೆಂದು ಅಂದು ಸಂಜೆ ನಾವು ಹೋದಾಗ ಅವರು ಹೆಂಡತಿಯೊಡನೆ ಫೋನಿನಲ್ಲಿದ್ದರು. ‘ಬಾವು ಕೊಯ್ದು ಮುಲಾಮ ಹಚ್ತಾರಂತ, ನಾಡದ ಕಳಸ್ತಾರಂತ, ನೀ ಏನ ಚಿಂತಿ ಮಾಡಬ್ಯಾಡ.’

ಕೂತು ಕನ್ನಡದಲ್ಲಿ ಹೇಳಿದೆವು. ಅವರು ಬಹಳ ಹೊತ್ತು ಕಾಲು ನೋಡಿಕೊಂಡರು. ಮೊದಲೇ ಕೇಳಬಾರದಿತ್ತೇ ಎಂದರೆ, ‘ದೊಡ್ಡವರು ಹೇಳಾಕತ್ತಾಗ ನಡುವ ಮಾತಾಡೂದು ಹ್ಯಾಂಗ್ರಿ?’ ಎಂದರು. ಆಮೇಲೆ ಅವರು ಕೇಳಿದ್ದು ನೋವಿನ ಬಗ್ಗೆ ಅಲ್ಲ. ಬೆರಳಿಲ್ಲದಿದ್ದರೆ ಕಂಪನಿ ಇಟ್ಟುಕೊಳ್ಳುತ್ತದೆಯೇ, ಊರಿನ ಸಾಲಕ್ಕೆ ಏನು ಮಾಡುವುದು ಎಂದು. ಎರಡು ಪುಟದ ಫಾರಂನಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ. ಒಂದು ದಿನ ಕಾಯಲು ಶಸ್ತ್ರಚಿಕಿತ್ಸಕರು ಒಪ್ಪಿದರು. ಅವರು ಅಣ್ಣನೊಡನೆ ಮಾತಾಡಿ, ಮರುದಿನ ‘ಆತು, ತಗೀರಿ’ ಎಂದರು.

ಈ ಸಂಗತಿ ಹೇಳಿದಾಗ ನಮ್ಮ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ವಯಸ್ಸಿಗೆ ಬಂದವರು, ಅರ್ಥವಾಗದಿದ್ದರೆ ಹಾಗೆಂದು ಹೇಳುವುದು ಅವರ ಕರ್ತವ್ಯ. ಪ್ರತಿಯೊಂದು ಹೂಂ ಅನ್ನೂ ಅನುಮಾನಿಸಿದರೆ ಅವರನ್ನು ಮಕ್ಕಳಂತೆ ಕಂಡಂತಾಗುವುದಿಲ್ಲವೇ ಎಂದು ಕೇಳಿದರು. ಮಾತಿನಲ್ಲಿ ಹುರುಳಿದೆ. ತುರ್ತು ಚಿಕಿತ್ಸೆಯಲ್ಲಿ ಇಷ್ಟು ವಿಚಾರಕ್ಕೆ ಹೊತ್ತೂ ಇರುವುದಿಲ್ಲ. ಆದರೂ ಇಬ್ಬರು ರೋಗಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಇಬ್ಬರೂ ಸಮಾನ ವಿನಯವಂತರು. ಜಪಾನಿನವರಿಗೆ ರಾತ್ರಿ ಮನೆಗೆ ಹೋಗಿ ‘ಬೇಡ’ ಎಂದು ಬರೆಯಲು ಒಂದು ಕಿಟಕಿ ಇತ್ತು. ಕೊಪ್ಪಳದವರಿಗೆ ಇದ್ದದ್ದು ಹೂಂ ಒಂದೇ. ಭಾಷೆ ನಮ್ಮದು, ಫಾರಂ ನಮ್ಮದು, ಚಾಕು ನಮ್ಮದು. ಹೂಂ ಎಂಬುದರ ಒಳಗೇನಿದೆ ಎಂದು ಹುಡುಕುವ ಹೊಣೆ ಮಾತ್ರ ಅವರದು ಎಂದರೆ ಯಾವ ನ್ಯಾಯ? ಕಂಪನಿಯ ಮ್ಯಾನೇಜರರಿಗೂ ಇದೇ ಮಾತು ಅನ್ವಯಿಸುತ್ತದೆ. ಸಂಘದ ಸಭೆಯಲ್ಲಿ ‘ಎಲ್ಲರೂ ಒಪ್ಪಿದ್ದಾರೆ’ ಎಂದು ನಡಾವಳಿ ಬರೆಯುವ ನಮಗೂ ಹೌದು.

ವೈದ್ಯರು ಈಗ ಹೇಳಿದ್ದನ್ನು ರೋಗಿಯ ಬಾಯಿಂದಲೇ ತಿರುಗಿ ಹೇಳಿಸುವ ಪದ್ಧತಿ ಕಲಿಯುತ್ತಿದ್ದಾರೆ. ‘ಅರ್ಥವಾಯಿತೇ?’ ಎಂದರೆ ಮತ್ತೆ ಹೂಂ ಬರುತ್ತದೆ. ‘ಏನು ತಿಳಿಯಿತು ಹೇಳಿ’ ಎಂದರೆ ಪರೀಕ್ಷೆಯಂತಾಗಿ ನಾಚುತ್ತಾರೆ. ‘ಇವತ್ತು ಮನೆಗೆ ಫೋನು ಮಾಡಿದಾಗ ಏನು ಹೇಳ್ತೀರಿ?’ ಎಂದು ಕೇಳುವುದು ನಮಗೆ ಫಲ ಕೊಟ್ಟಿದೆ.

ನಮ್ಮ ಸದಸ್ಯರಲ್ಲಿ ಹಲವರಿಗೆ ದುಬೈಯಿಂದಲೋ ಮುಸ್ಸಾಫಾದಿಂದಲೋ ‘ಸ್ವಲ್ಪ ಕನ್ನಡದಲ್ಲಿ ಹೇಳಿ’ ಎಂದು ಫೋನು ಬರುವುದುಂಟು. ತುಳು, ಬ್ಯಾರಿ, ಕೊಂಕಣಿ, ನವಾಯತಿ ಬಲ್ಲವರಿಗೆ ಇನ್ನೂ ಹೆಚ್ಚು. ಅಂಥವರಲ್ಲಿ ಒಂದು ವಿನಂತಿ. ವೈದ್ಯರು ಹೇಳಿದ್ದನ್ನು ಮೆತ್ತಗೆ ಮಾಡಿ ಹೇಳಬೇಡಿ, ಅರ್ಧಕ್ಕೆ ಇಳಿಸಬೇಡಿ. ರೋಗಿಯ ಪರವಾಗಿ ನೀವೇ ‘ಓಕೆ’ ಎನ್ನಬೇಡಿ. ಅವರು ಹೂಂ ಎಂದ ಮೇಲೆ ಫೋನು ಇಡದೆ ಸ್ವಲ್ಪ ಸುಮ್ಮನಿರಿ. ಮುಖ್ಯವಾದ ಮಾತು ಎಷ್ಟೋ ಸಲ ಆಮೇಲೆ ಬರುತ್ತದೆ. ಕೆಲಸದ ಬಗ್ಗೆ, ವೀಸಾದ ಬಗ್ಗೆ, ಸಾಲದ ಬಗ್ಗೆ ಅವರೇನಾದರೂ ಕೇಳಿದರೆ, ಇದು ವೈದ್ಯರಿಗೆ ಸಂಬಂಧಿಸಿದ್ದಲ್ಲ ಎಂದು ನೀವೇ ತೀರ್ಮಾನಿಸದೆ, ಅದನ್ನೂ ಇಂಗ್ಲಿಷಿನಲ್ಲಿ ವೈದ್ಯರಿಗೆ ಹೇಳಿಬಿಡಿ.